ಮಹಡಿಯ ಮರದ ಹಾಸು



ಇತಿಹಾಸವೆಂದೊಡನೆ ನಮ್ಮ ಚಿತ್ತವು ಶಿಲಾಶಾಸನಗಳ ಕಡೆಗೂ ದೇವಾಲಯದ ಶಿಖರಗಳ ಕಡೆಗೂ ಹರಿಯುವುದು ವಾಡಿಕೆ. ಕಣ್ಣನ್ನು ಮೇಲಕ್ಕೆತ್ತಿ ನೋಡುವುದೇ ಇತಿಹಾಸದ ವ್ಯಾಸಂಗವೆಂದು ಭಾವಿಸಿರುವೆವು. ಇಂದಿನ ಭಾಷಣದಲ್ಲಿ ತಮ್ಮ ದೃಷ್ಟಿಯನ್ನು ಸ್ವಲ್ಪ ಹೊತ್ತು ಕೆಳಕ್ಕೆ, ದಿನವೂ ತುಳಿದಾಡುವ ನೆಲದ ಕಡೆಗೆ, ಅದರಲ್ಲಿಯೂ ಮಹಡಿಯ ಮರದ ಹಾಸಿನ ಕಡೆಗೆ ತಿರುಗಿಸಬೇಕೆಂದು ಬೇಡುವೆವು.

ಈ ವಿಚಾರವು ನಮಗೆ ಗ್ರಂಥಾಲಯದಲ್ಲಿ ಹುಟ್ಟಿದುದಲ್ಲ. ಕಳೆದ ಶ್ರಾವಣದಲ್ಲಿ ಕಾಗವಾಡದ ನಮ್ಮ ಹಿರಿಯರ ಮನೆಯ ಬಾಗಿಲಿಗೆ ಸಾಗವಾನಿಯ ಹಲಗೆಗಳು ಬಂದಿಳಿದುವು. ಮೈಸೂರಿನವರು ತೇಗವೆಂದು ಕರೆಯುವ ಮರವೇ ನಮ್ಮ ಕಡೆಯ ಸಾಗವಾನಿ. ಮಹಡಿಯ ಕೋಣೆ 20 ಅಡಿ ಉದ್ದ, 12 ಅಡಿ ಅಗಲ. ಅದಕ್ಕೆ ಹಾಸಲೆಂದು ತರಿಸಿದ ಹಲಗೆಗಳು ಒಂದೊಂದೂ 10 ಅಡಿ ಉದ್ದ, 6 ಅಂಗುಲ ಅಗಲ, 1 ಅಂಗುಲ ದಪ್ಪ, ಒಟ್ಟು 52. ಜಿಟಿಜಿಟಿ ಮಳೆ ಹಿಡಿದಿದ್ದಿತು. ಬಡಿಗನು ತಾಡಪತ್ರಿಯನ್ನು ಸರಿಸಿ, ಒಂದೊಂದು ಹಲಗೆಯನ್ನೂ ಎಣಿಸಿ, ತುದಿ ಸೀಳಿದ ಎರಡನ್ನೂ ಅಂಚಿನಲ್ಲಿ ಬಿಳಿಯ ಭಾಗವುಳಿದ ಒಂದನ್ನೂ ಬೇರೆಯಾಗಿಟ್ಟನು. ಅನಂತರ ಒಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಕೆಳಗಿಟ್ಟನು. ದೀಪಾವಳಿಯ ವೇಳೆಗೆ ಕೆಲಸ ಮುಗಿಯುವುದೇ ಎಂದು ನಾವು ಕೇಳಿದೆವು. ಅವನ ಉತ್ತರವಿದು: “ಮಾಸ್ತರ್ರ, ಇವತ್ತ ಬಂದ ಬೀಗರನ್ನ ಇವತ್ತ ದುಡ್ಯಾಕ ಹಚ್ಚಬಾರದ್ರಿ. ಒಂದೀಟು ಮನಿ ಗಾಳಿ ಕುಡೀಲಿ.”

ಈ ಮಾತನ್ನು ಅದೇ ಮನೆಯಲ್ಲಿ, ಅವನ ತಂದೆಯ ಬಾಯಿಂದ, ನಾವು ಒಮ್ಮೆ ಕೇಳಿ ತಿರಸ್ಕರಿಸಿದ್ದೆವು. ಆ ವೃತ್ತಾಂತವನ್ನು ಮುಂದೆ ಹೇಳುವೆವು. ಮರವು ಮನೆಗೆ ಬಂದ ಮೇಲೂ ಕಾಯಬೇಕಾದುದೇಕೆ, ನಮ್ಮ ನಾಡಿನಲ್ಲಿ ಮರದ ಹಾಸಿನ ಚರಿತ್ರೆ ಎಂತಹುದು ಎಂಬೆರಡು ಪ್ರಶ್ನೆಗಳನ್ನು ಮೊದಲು ವಿಚಾರಿಸೋಣ.

ಕಾಗವಾಡವು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕೃಷ್ಣೆಯ ಬಯಲಿನಲ್ಲಿರುವ ಊರು. ಮಿರಜಿಗೆ ಹತ್ತು ಮೈಲಿಯೊಳಗಿನ ದಾರಿ. ಸುತ್ತಲೂ ಎರೆಯ ಭೂಮಿ. ಹಿಂದೆ ಜೋಳವೇ ಪ್ರಧಾನವಾಗಿದ್ದಲ್ಲಿ ಇಂದು ಬಹುಭಾಗ ಕಬ್ಬು. ಅಥಣಿಯ ಕಡೆ ವರ್ಷಕ್ಕೆ ಐದಾರು ನೂರು ಮಿಲಿಮೀಟರು ಮಳೆಯಾದರೆ ಅದೇ ಹೆಚ್ಚು. ಇಂತಹ ನೆಲದಲ್ಲಿ ಬೇವು, ಜಾಲಿ, ಹುಣಿಸೆ ಬೆಳೆಯುವುವಲ್ಲದೆ ತೇಗವಾಗಲಿ ಮತ್ತಿಯಾಗಲಿ ಹೊನ್ನೆಯಾಗಲಿ ಬೆಳೆಯುವಂತಿಲ್ಲ. ಆದುದರಿಂದ ಈ ಸೀಮೆಯ ಮನೆಯು ಮುಖ್ಯವಾಗಿ ಮಣ್ಣು ಕಲ್ಲುಗಳ ಮನೆ. ದಪ್ಪನಾದ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಗಳ ಮೇಲೆ ಸೀಳುಕಟ್ಟಿಗೆ, ಅದರ ಮೇಲೆ ನೀರನ್ನು ಸುಲಭವಾಗಿ ಬಿಡದ ಕರಲುಮಣ್ಣಿನ ದಪ್ಪ ಹೊದಿಕೆ. ಇದೇ ಮಾಳಿಗೆ. ಬೆಳಕಿಗಾಗಿ ನಡುವೆ ಬೆಳಕಿಂಡಿ. ಕೆಳಗಣ ನೆಲಕ್ಕೆ ಸಗಣಿಯ ಸಾರಣೆ, ಅನುಕೂಲವಿದ್ದವರಿಗೆ ಫರಸಿಕಲ್ಲು.

ಹೀಗಿರುವಲ್ಲಿ ಮಹಡಿಯ ಒಂದು ಕೋಣೆಗೆ ಹಲಗೆಯನ್ನು ಹಾಸುವುದೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ದೇಸಾಯಿ, ಇನಾಮದಾರ, ವರ್ತಕರ ವಾಡೆಗಳಲ್ಲಿ ಮಾತ್ರ ಅಂತಹ ಕೋಣೆಗಳಿರುತ್ತಿದ್ದುವು. ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿಗಳ ಪಟವರ್ಧನ ಸಂಸ್ಥಾನಗಳು ಈ ಸೀಮೆಯನ್ನು ಸುತ್ತುವರಿದು 1948ರವರೆಗೂ ಇದ್ದುವು. ಆ ಸಂಸ್ಥಾನಗಳ ವಾಡೆಗಳ ಮಾದರಿಯು ಸುತ್ತಣ ಹಳ್ಳಿಗಳ ಅನುಕೂಲಸ್ಥರ ಮನೆಗಳಿಗೂ ಇಳಿದು ಬಂದಿತು. ಕೆತ್ತನೆಯ ಬೋದಿಗೆ, ಮರದ ಕಂಬ, ಮಹಡಿಯ ಹಲಗೆ ಇವು ಮನೆತನದ ಅಂತಸ್ತಿನ ಗುರುತುಗಳಾದುವು. ಬಯಲುಸೀಮೆಯಲ್ಲಿ ಮರವೆಂಬುದು ದೂರದಿಂದ ಬಂದ ಅತಿಥಿ. ಅತಿಥಿಯ ಮರ್ಯಾದೆ ಅದಕ್ಕೆ ಸಲ್ಲುತ್ತಿದ್ದಿತು.

ಅತಿಥಿ ಬರುತ್ತಿದ್ದುದು ಪಶ್ಚಿಮ ಘಟ್ಟಗಳಿಂದ. ಖಾನಾಪುರ, ಹಳಿಯಾಳ, ದಾಂಡೇಲಿಗಳ ಕಾಡುಗಳು ತೇಗಕ್ಕೆ ಹೆಸರುವಾಸಿಯಾದುವು. ರೈಲು ಬರುವುದಕ್ಕೆ ಮುಂಚೆ ಈ ಮರವನ್ನು ಬಯಲಿಗೆ ತರಲು ಎತ್ತಿನ ಬಂಡಿಯೇ ಗತಿ. ಕಡಿದ ಮರ ಕಾಡಿನಲ್ಲಿ ಒಂದು ಕಾಲ ಬಿದ್ದಿರಬೇಕು. ದಾರಿ ಒಣಗಿದ ಮೇಲೆ ಬಂಡಿ ಹೊರಡಬೇಕು. ಊರಿಗೆ ಬಂದ ದಿಮ್ಮಿಯನ್ನು ಇಬ್ಬರು ನಿಂತು ಗರಗಸದಿಂದ ಕೊಯ್ಯಬೇಕು. ಬಡಿಗನು ಬಾಚಿಯಿಂದ ಕೆತ್ತಿ ಹದಮಾಡಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಎರಡು ಮೂರು ಋತುಗಳು ಉರುಳಿ, ಮರವು ತಾನಾಗಿಯೇ ಒಣಗುತ್ತಿದ್ದಿತು. ಬಂಡಿಯ ನಿಧಾನವೇ ಮರಕ್ಕೆ ಸಂಸ್ಕಾರವನ್ನು ಮಾಡುತ್ತಿದ್ದಿತೆಂದರೆ ತಪ್ಪಾಗದು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯು ಲೋಂಡಾ, ಬೆಳಗಾವಿ, ಮಿರಜಗಳನ್ನು ಜೋಡಿಸಿತು. ಉಗಾರ, ಶೇಡಬಾಳಗಳಲ್ಲಿ ನಿಲ್ದಾಣಗಳಾದುವು. ಕಾಡಿನ ಅಂಚಿನ ಮರವು ಕೆಲವು ದಿನಗಳಲ್ಲಿಯೇ ಎರೆಯ ನೆಲಕ್ಕೆ ಬಂದಿಳಿಯುವುದು ಸಾಧ್ಯವಾಯಿತು. ಅನುಕೂಲವು ಹೆಚ್ಚಿತು. ಆದರೆ ದಾರಿಯಲ್ಲಿ ತಾನಾಗಿ ನಡೆಯುತ್ತಿದ್ದ ಕಾಯುವಿಕೆಯನ್ನು ಇನ್ನು ಮೇಲೆ ಮನೆಯಲ್ಲಿ, ಬುದ್ಧಿಪೂರ್ವಕವಾಗಿ, ಮಾಡಬೇಕಾಯಿತು.

ಇನ್ನು ನಾಡಿನ ಅರಸರ ಕಡೆಗೆ ಬರೋಣ. ಹಂಪೆಗೆ ಹೋದವರೆಲ್ಲ ಮಹಾನವಮಿ ದಿಬ್ಬವನ್ನು ನೋಡಿರುವರು. ಅಲ್ಲಿ ಇಂದು ನಮಗೆ ಕಾಣುವುದು ಕಲ್ಲಿನ ಜಗಲಿ ಮಾತ್ರ. ಅದರ ಮೇಲಿದ್ದ ಮರದ ಮಂಟಪವು ಉಳಿದಿಲ್ಲ. ಸಮೀಪದಲ್ಲಿರುವ ಸಭಾಮಂಟಪದ ತಳಗಟ್ಟಿನಲ್ಲಿ ಸಾಲುಸಾಲಾಗಿ ಕಂಬಗಳನ್ನು ನಿಲ್ಲಿಸಿದ್ದ ಗುರುತುಗಳಿವೆ; ಕಂಬಗಳಿಲ್ಲ, ಏಕೆಂದರೆ ಅವು ಮರದವು. 1565ರ ಯುದ್ಧದ ಅನಂತರ ನಗರವು ಸೂರೆಯಾದಾಗ ಬೆಂಕಿಯು ಕಲ್ಲನ್ನು ಕಪ್ಪುಮಾಡಿ ಬಿಟ್ಟಿತು, ಮರವನ್ನು ನುಂಗಿತು. ಹೀಗಾಗಿ ವಿಜಯನಗರದ ಅರಸರು ದೇವರನ್ನು ಪೂಜಿಸಿದ ಸ್ಥಳಗಳನ್ನು ನಾವು ಬಲ್ಲೆವು. ಅವರು ಮಲಗಿ ಎದ್ದ ಕೋಣೆಗಳನ್ನು ಬಲ್ಲೆವೆಂದು ಹೇಳುವಂತಿಲ್ಲ.

ವಿಜಾಪುರವೂ ಇದೇ ಪಾಠವನ್ನು ಹೇಳುತ್ತದೆ. 1561ರ ಸುಮಾರಿಗೆ ಕಟ್ಟಿದ ಗಗನಮಹಲಿನ ಮುಂದೆ ನಿಂತವರು ಅದರ ನಡುವಣ ಮಹಾಕಮಾನನ್ನು ನೋಡಿ ಬೆರಗಾಗುವರು. ಒಳಹೊಕ್ಕರೆ ತಲೆಯ ಮೇಲೆ ಆಕಾಶ. ಹೆಸರಿಗೆ ತಕ್ಕಂತೆ ಗಗನವೇ ಮಾಡಾಗಿದೆಯೆಂದು ನಗುವುದುಂಟು. ಆದರೆ ಅಲ್ಲಿ ಮರದ ಮಾಡೂ ಮರದ ಹಾಸುಳ್ಳ ಮೇಲಂತಸ್ತೂ ಇದ್ದುವು. 1686ರಲ್ಲಿ ಔರಂಗಜೇಬನಿಗೆ ನಗರವು ವಶವಾಗಿ ರಾಜ್ಯವು ಅಳಿದ ಮೇಲೆ ಅವೂ ಕಾಲಕ್ರಮದಲ್ಲಿ ಇಲ್ಲವಾದುವು. ಅದೇ ಊರಿನ ಅಸರಮಹಲಿನ ಮುಂಭಾಗವನ್ನು ಮಾತ್ರ ಭಾರಿಯಾದ ನಾಲ್ಕು ಮರದ ಕಂಬಗಳು ಇಂದಿಗೂ ಹೊತ್ತು ನಿಂತಿವೆ. ಮಹಮ್ಮದ ಆದಿಲಶಾಹನ ಕಾಲದಲ್ಲಿ, 1646ರ ಸುಮಾರಿಗೆ, ಎದ್ದ ಕಟ್ಟಡವದು. ಕೊಯ್ದು, ಒಣಗಿಸಿ, ನೆರಳಿನಲ್ಲಿ ನಿಲ್ಲಿಸಿ, ಗಾಳಿಯಾಡುವಂತೆ ಇಟ್ಟ ಮರವು ಮುನ್ನೂರು ನಾನ್ನೂರು ವರ್ಷ ಬಾಳಬಲ್ಲುದೆಂಬುದಕ್ಕೆ ಆ ಕಂಬಗಳೇ ಸಾಕ್ಷಿ.

ಮೈಸೂರು ಸೀಮೆಯಲ್ಲಿ ಮರವು ಇನ್ನೂ ಹೆಚ್ಚಾಗಿ ಉಳಿದಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರಲ್ಲಿಯೂ ಬೆಂಗಳೂರಿನ ಟಿಪ್ಪುವಿನ ಅರಮನೆ 1791ರಲ್ಲಿಯೂ ಮುಗಿದುವು. ಎರಡೂ ತೇಗದ ಕಟ್ಟಡಗಳೆಂದು ಹೇಳಿದರೆ ಸಲ್ಲುವುದು. ಮೈಸೂರಿನ ಹಳೆಯ ಮರದ ಅರಮನೆಯಾದರೋ 1897ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂಭ್ರಮದ ನಡುವೆ, ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರಲ್ಲಿ ಸಿದ್ಧವಾದ ಹೊಸ ಅರಮನೆಯು ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ನೆಚ್ಚಿತು. ಆ ಬೆಂಕಿಯು ಒಂದು ರಾಜಧಾನಿಯ ಕಟ್ಟಡದ ರೂಢಿಯನ್ನೇ ಬದಲಿಸಿತೆನ್ನಬಹುದು.

ಬೆಂಕಿಗೂ ಯುದ್ಧಕ್ಕೂ ಸಿಕ್ಕದೆ ಉಳಿದ ಮರಕ್ಕೆ ಇನ್ನೊಂದು ಹಸಿವು ಎದುರಾಯಿತು. ಅದು ಹಡಗುಗಳ ಹಸಿವು. ಇಂಗ್ಲೆಂಡಿನ ಓಕ್ ಮರಗಳು ನೌಕಾಬಲಕ್ಕೆ ಸಾಲದೆ ಹೋದಾಗ ಆಂಗ್ಲೇಯರ ದೃಷ್ಟಿಯು ಪಶ್ಚಿಮ ಘಟ್ಟಗಳ ತೇಗದ ಮೇಲೆ ಬಿದ್ದಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರು ಮತ್ತು ತಿರುವಾಂಕೂರುಗಳ ಕಾಡಿನ ಮೇಲೆ ಅಧಿಕಾರಿಯನ್ನಾಗಿ ನೇಮಿಸಿದರು. ತೇಗವು ಕಂಪೆನಿಯ ಸ್ವತ್ತಾಯಿತು. 1817ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಜಮಶೇಟಜಿ ಬೊಮನ್‌ಜಿಯವರು ತೇಗದಿಂದ ಕಟ್ಟಿದ ಟ್ರಿಂಕಾಮಲಿ ಎಂಬ ಯುದ್ಧನೌಕೆಯು ಇನ್ನೂರು ವರ್ಷಗಳಾದರೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ ಬಂದರಿನಲ್ಲಿ ತೇಲುತ್ತಿದೆ. ಕಡಿದುದು ಹೆಚ್ಚಾಗಿ ಬೆಳೆದುದು ಸಾಲದಾದಾಗ 1840ರ ದಶಕದಲ್ಲಿ ಕಾನಲಿ ಎಂಬ ಕಲೆಕ್ಟರನು ನಿಲಂಬೂರಿನಲ್ಲಿ ತೇಗದ ತೋಪನ್ನು ನೆಡಿಸಿದನು. 1847ರಲ್ಲಿ ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್ ಮುಂಬಯಿ ಇಲಾಖೆಯ ಅರಣ್ಯಗಳ ಸಂರಕ್ಷಕನಾದನು. 1865 ಮತ್ತು 1878ರ ಅರಣ್ಯ ಕಾಯಿದೆಗಳು ಬಂದುವು. ಕಾಡಿನ ಅಂಚಿನ ರೈತನು ನೇಗಿಲ ಈಸಿಗೂ ಗುಡಿಸಲ ಗಳುವಿಗೂ ಅಪ್ಪಣೆಯನ್ನು ಬೇಡಬೇಕಾಯಿತು. ಕುಮರಿ ಬೇಸಾಯಕ್ಕೆ ತಡೆ ಬಿದ್ದಿತು. 1930ರ ಕಾನೂನುಭಂಗ ಚಳವಳಿಯಲ್ಲಿ ಮುಂಬಯಿ ಕರ್ನಾಟಕದ ಜನರು ಉಪ್ಪಿನ ಸತ್ಯಾಗ್ರಹದೊಡನೆ ಜಂಗಲ್ ಸತ್ಯಾಗ್ರಹವನ್ನೂ ಹೂಡಿದುದು ಈ ಕಹಿಯ ಫಲ. ಆದುದರಿಂದ ನಾವು ಮಹಡಿಯ ಮೇಲೆ ನಡೆದಾಡುವಾಗ ನಮ್ಮ ಕಾಲಡಿಯಲ್ಲಿರುವುದು ಬರಿಯ ಹಲಗೆಯಲ್ಲ. ಯಾವನೋ ಕಳೆದುಕೊಂಡ ಕಾಡೂ ಅದರಲ್ಲಿದೆ. ಅಷ್ಟು ಬೆಲೆ ತೆತ್ತು ಬಂದ ಮರವನ್ನು ಅವಸರದಿಂದ ಕೆಡಿಸುವುದು ಎರಡನೆಯ ಅನ್ಯಾಯ.

ಅವಸರವು ಮರವನ್ನು ಹೇಗೆ ಕೆಡಿಸುವುದೆಂಬುದನ್ನು ಇನ್ನು ನೋಡೋಣ. ಮರವು ಕಡಿದ ಮೇಲೂ ಉಸಿರಾಡುವುದೆಂದು ಬಡಿಗರು ಹೇಳುವರು. ಶಾಸ್ತ್ರದ ಭಾಷೆಯಲ್ಲಿ ಅದರ ಅರ್ಥವಿಷ್ಟು. ಹಸಿಮರದಲ್ಲಿ ನೀರು ಎರಡು ಬಗೆಯಾಗಿರುತ್ತದೆ: ಕೋಶಗಳ ಪೊಳ್ಳಿನಲ್ಲಿ ನಿಂತ ನೀರು ಒಂದು, ಕೋಶದ ಗೋಡೆಗಳಲ್ಲಿ ಹೀರಿಕೊಂಡ ನೀರು ಇನ್ನೊಂದು. ಮೊದಲನೆಯದು ಆರಿಹೋಗುವವರೆಗೆ ಮರದ ಗಾತ್ರವು ಬದಲಾಗದು. ಮರದ ಒಣತೂಕದ ನೂರಕ್ಕೆ ಸುಮಾರು 30 ಪಾಲಿಗೆ ನೀರು ಇಳಿದ ಮೇಲೆ ಗೋಡೆಗಳೇ ಒಣಗತೊಡಗಿ ಮರವು ಕುಗ್ಗುತ್ತದೆ. ಅಲ್ಲಿಂದ ಮುಂದೆ ಅದು ಸುತ್ತಣ ಗಾಳಿಯೊಡನೆ ಸಂಧಿಮಾಡಿಕೊಳ್ಳುತ್ತದೆ. ಗಾಳಿಯ ತೇವವು ನೂರಕ್ಕೆ 65ರಷ್ಟಿದ್ದರೆ ಮರದಲ್ಲಿ ನೂರಕ್ಕೆ 12ರಷ್ಟು ನೀರು ನಿಲ್ಲುವುದು; ಬೇಸಿಗೆಯ ಬಿಸಿಗೆ ಗಾಳಿಯ ತೇವವು 30ಕ್ಕೆ ಇಳಿದರೆ ಮರದ ನೀರು 6ಕ್ಕೆ ಇಳಿಯುವುದು; ಮಳೆಗಾಲದಲ್ಲಿ ಅದು 85ಕ್ಕೆ ಏರಿದರೆ ಮರದ ನೀರು 17 ಅಥವಾ 18 ಆಗುವುದು.

ಕುಗ್ಗುವುದು ಎಲ್ಲ ದಿಕ್ಕಿಗೂ ಒಂದೇ ಸಮನಾಗಿಲ್ಲ. ಉದ್ದಕ್ಕೆ ಅದು ಗಣನೆಗೆ ಬಾರದಷ್ಟು ಸ್ವಲ್ಪ. ಅಗಲಕ್ಕೆ ಮಾತ್ರ ಹೆಚ್ಚು. ತೇಗವು ಇತರ ಮರಗಳಿಗಿಂತ ಸಾಧುವೆಂಬ ಕೀರ್ತಿಯುಳ್ಳದ್ದು. ಆದರೂ ವರ್ಷಬಳೆಗಳ ಗುಂಟ ಕೊಯ್ದ ತೇಗದ ಹಲಗೆಯು ಹಸಿಯಿಂದ ಪೂರ್ತಿ ಒಣಗುವವರೆಗೆ ಅಗಲದಲ್ಲಿ ನೂರಕ್ಕೆ ಐದಾರು ಪಾಲು ಕುಗ್ಗುತ್ತದೆ. ಎಂದರೆ ನೀರಿನ ಒಂದೊಂದು ಅಂಶಕ್ಕೂ ಸುಮಾರು ಸಾವಿರಕ್ಕೆ ಎರಡು ಪಾಲು. ನಮ್ಮ ಕೋಣೆಯ ಅಗಲ 12 ಅಡಿ, ಅಂದರೆ 144 ಅಂಗುಲ. ಮರದ ನೀರು ಐದೇ ಅಂಶ ಏರಿದರೂ ಇಳಿದರೂ ಹಾಸಿನ ಒಟ್ಟು ಅಗಲದಲ್ಲಿ ಸುಮಾರು ಒಂದೂವರೆ ಅಂಗುಲದ ವ್ಯತ್ಯಾಸವಾಗುವುದು. ಒಣ ಬೇಸಿಗೆಯಲ್ಲಿ ಗೋಡೆಯಿಂದ ಗೋಡೆಗೆ ಬಿಗಿದು ಹಾಸಿದರೆ ಆಷಾಢದಲ್ಲಿ ಅದು ಹಿಗ್ಗಲು ಎಡೆಯಿಲ್ಲದೆ ಬೆನ್ನೆತ್ತಿ ನಿಲ್ಲುವುದು. ಮಳೆಗಾಲದ ಹಸಿಹಲಗೆಯನ್ನು ಹಾಸಿದರೆ ಚೈತ್ರದಲ್ಲಿ ಸಂದು ಬಿಡುವುದು. ಡೆಹರಾಡೂನಿನಲ್ಲಿ 1906ರಲ್ಲಿ ಸ್ಥಾಪಿತವಾದ ಅರಣ್ಯ ಸಂಶೋಧನ ಸಂಸ್ಥೆಯೂ ಬೆಂಗಳೂರಿನಲ್ಲಿ 1938ರಲ್ಲಿ ಆರಂಭವಾದ ಅರಣ್ಯ ಪ್ರಯೋಗಾಲಯವೂ ನಮ್ಮ ದೇಶದ ಮರಗಳ ಗುಣಗಳನ್ನು ಪರೀಕ್ಷಿಸಿ ಅಳೆದಿವೆ. ಆ ಅಳತೆಗಳು ಬರುವುದಕ್ಕೆ ಬಹುಕಾಲ ಮೊದಲೇ ಬಡಿಗರ ಕೈಯು ಈ ನಿಯಮವನ್ನು ಬಲ್ಲುದಾಗಿದ್ದಿತು.

ಇನ್ನು ನಮ್ಮ ವೃತ್ತಾಂತಕ್ಕೆ ಬರುವೆವು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಾವು ಪದವಿಯನ್ನು ಮುಗಿಸಿ ಊರಿಗೆ ಬಂದ ಹೊಸತರಲ್ಲಿ, ತಂಗಿಯ ಮದುವೆ ನಿಶ್ಚಯವಾಯಿತು. ಮಹಡಿಯಲ್ಲಿ ನಮ್ಮ ಮುತ್ತಜ್ಜನವರು ಹಾಸಿಸಿದ್ದ ಹಲಗೆಗಳಿದ್ದುವು. ಅವು ಕಪ್ಪಾಗಿದ್ದುವು, ಬಾಚಿಯ ಗುರುತುಗಳಿಂದ ಅಲ್ಲಲ್ಲಿ ಏರುತಗ್ಗಾಗಿದ್ದುವು. ಬೀಗರ ಎದುರಿಗೆ ಇದು ಶೋಭಿಸದೆಂದು ನಾವೇ ತಂದೆಯವರನ್ನು ಒಡಂಬಡಿಸಿ ಹೊಸ ಹಲಗೆಗಳನ್ನು ತರಿಸಿದೆವು. ಒಂಬತ್ತಂಗುಲ ಅಗಲದ ಆ ಹಲಗೆಗಳು ಭಾದ್ರಪದದ ಮಳೆಯಲ್ಲಿಯೇ ಘಟ್ಟದ ಕಡೆಯಿಂದ ಬಂದುವು. ಮನೆಯ ಹಳೆಯ ಬಡಿಗನು ಅವನ್ನು ಮುಟ್ಟಿ ನೋಡಿ, ಸುಗ್ಗಿಯವರೆಗೆ ಬಿಟ್ಟುಬಿಡಿರೆಂದನು. ಮದುವೆಯಿದ್ದುದು ಕಾರ್ತಿಕದಲ್ಲಿ. ಯಂತ್ರದಲ್ಲಿ ಕೊಯ್ದು ನಯಮಾಡಿದ ಹಲಗೆಗೆ ಈ ಹಳೆಯ ಶಾಸ್ತ್ರವೆಲ್ಲ ಏತಕ್ಕೆಂದು ನಾವು ನಾಲ್ಕು ಜನರ ಎದುರಿಗೆ ಹೇಳಿದೆವು. ಆತನು ಮಾತಾಡಲಿಲ್ಲ. ಉಳಿ, ಕೊಡತಿಗಳನ್ನು ಚೀಲಕ್ಕೆ ಹಾಕಿಕೊಂಡು, ತಾಯಿಯವರಿಗೆ ಮಾತ್ರ “ಬರ್ತೀನ್ರಿ ಅವ್ವಾರ” ಎಂದು ಹೇಳಿ, ಮೆಟ್ಟಿಲಿಳಿದು ಹೋದನು. ಬೇರೆಯವರು ಬಂದು ಹದಿನೈದು ದಿನಗಳಲ್ಲಿ ಹಲಗೆಗಳನ್ನು ಹೊಡೆದರು.

ಮದುವೆಯ ದಿನ ಆ ನೆಲವನ್ನು ಎಲ್ಲರೂ ಹೊಗಳಿದರು. ಯುಗಾದಿಯ ಹೊತ್ತಿಗೆ ಸಂದುಗಳು ಕಾಣಿಸಿಕೊಂಡುವು. ವೈಶಾಖದಲ್ಲಿ ತಾಯಿಯವರು ಮಹಡಿಯ ಮೇಲೆ ಸಜ್ಜೆಯನ್ನು ಹರವಿ ಕಲ್ಲು ಆರಿಸುತ್ತಿರಲು, ಕಾಳುಗಳು ಸಂದಿನಿಂದಿಳಿದು ಕೆಳಗಣ ಕೋಣೆಯಲ್ಲಿ ದೇವರ ಮುಂದೆ ಉದುರಿದುವು. ಮರದ ಪುಡಿಯನ್ನೂ ಸರೇಸನ್ನೂ ಕಲಸಿ ಸಂದುಗಳಿಗೆ ತುಂಬಿಸಿದೆವು. ಮಳೆಗಾಲದಲ್ಲಿ ಹಲಗೆ ಹಿಗ್ಗಿ ಅದನ್ನು ಹೊರಕ್ಕೆ ದೂಡಿತು. ಮರುಬೇಸಿಗೆಯಲ್ಲಿ ಸಂದು ಮತ್ತೆ ತೆರೆಯಿತು. ಮೊಳೆಗಳು ಸಡಿಲಿ ತಲೆಯೆತ್ತಿದುವು. ತಾಯಿಯವರು ಎಂದೂ ನಮ್ಮನ್ನು ಆಕ್ಷೇಪಿಸಲಿಲ್ಲ. ಕಾಳನ್ನು ಆರಿಸುವುದನ್ನು ಅಂಗಳಕ್ಕೆ ಬದಲಾಯಿಸಿಕೊಂಡರು, ಅಷ್ಟೆ. ಆ ಬಡಿಗನು ಮತ್ತೆ ನಮ್ಮ ಮನೆಯ ಹೊಸ್ತಿಲನ್ನು ತುಳಿಯಲಿಲ್ಲ. ನಾವೂ ಹೋಗಿ ಕರೆಯಲಿಲ್ಲ. ತಪ್ಪನ್ನು ಒಪ್ಪಿಕೊಳ್ಳಬೇಕೆಂದು ಒಂದೆರಡು ರಜೆಗಳಲ್ಲಿ ಮನಸ್ಸಿಗೆ ಬಂದುದುಂಟು. ಮುಂದಿನ ರಜೆಗೆಂದು ತಳ್ಳಿದೆವು. ಮರಕ್ಕೆ ಕಾಯಲಾರದವರು ಇದಕ್ಕೆ ಮಾತ್ರ ಕಾದೆವು. ಅಷ್ಟರಲ್ಲಿ ಆತನು ತೀರಿಕೊಂಡನು.

ಈ ಸಲ ನಾವು ಆತನ ಮಗನ ಮನೆಗೆ ಸ್ವತಃ ಹೋದೆವು. ಹಳೆಯ ಮಾತನ್ನು ನಾವೇ ಎತ್ತಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ ಆ ಕಟಿಗಿ ಬಗ್ಗೆ ಭಾಳ ದಿನಾ ಮರಗಿದ್ರಿ. ನಿಮ್ಮ ಮ್ಯಾಲ ಸಿಟ್ಟ ಇರಲಿಲ್ಲ” ಎಂದನು. ನಮಗೆ ಉತ್ತರವು ಹೊಳೆಯಲಿಲ್ಲ. ಮರುದಿನ ಅವನು ನಮ್ಮ ಮನೆಗೆ ಬಂದು, ದನದ ಕೊಟ್ಟಿಗೆಯಲ್ಲಿ ಮೇವಿನ ಅಡಿಯಲ್ಲಿ ಬಿದ್ದಿದ್ದ ಒಂದು ಹಲಗೆಯನ್ನು ಹೊರಗೆಳೆದನು. ಅದು ಮುತ್ತಜ್ಜನ ಕಾಲದ ಹಾಸಿನಲ್ಲಿ ಉಳಿದ ಒಂದೇ ಹಲಗೆ. ಒರಸಿ, ಅಂಚಿಗೆ ದಾರವನ್ನು ಹಿಡಿದು ತೋರಿಸಿದನು. ದಾರಕ್ಕೂ ಹಲಗೆಗೂ ನಡುವೆ ಒಂದು ಕೂದಲೂ ತೂರುವಂತಿರಲಿಲ್ಲ.

ಅಂದಿನಿಂದ ಸಿದ್ಧತೆಯು ಅವನು ಹೇಳಿದಂತೆ ನಡೆದಿದೆ. ಅದನ್ನು ಇಲ್ಲಿ ವಿವರಿಸಿದರೆ, ಇಂತಹ ಕೆಲಸವನ್ನು ಕೈಕೊಳ್ಳುವ ಶ್ರೋತೃಗಳಿಗೆ ಉಪಯೋಗವಾದೀತು.

ಮೊದಲನೆಯದಾಗಿ, ಹಲಗೆಗಳನ್ನು ಅಂಗಳದಲ್ಲಾಗಲಿ ಪಡಸಾಲೆಯಲ್ಲಾಗಲಿ ಇಡಲಿಲ್ಲ. ಯಾವ ಕೋಣೆಯಲ್ಲಿ ಹಾಸಬೇಕೋ ಆ ಕೋಣೆಗೇ ಏರಿಸಿದೆವು. ಮರವು ಪರಿಚಯಮಾಡಿಕೊಳ್ಳಬೇಕಾದುದು ಆ ಕೋಣೆಯ ಗಾಳಿಯನ್ನು. ಅದಕ್ಕೆ ಮುಂಚೆ ಗೋಡೆಯ ಹೊಸ ಗಿಲಾವು ಪೂರ್ತಿ ಒಣಗಿದೆಯೆಂಬುದನ್ನು ನೋಡಿಕೊಂಡೆವು. ಹಸಿಗೋಡೆಯು ವಾರಗಟ್ಟಲೆ ನೀರನ್ನು ಬಿಡುತ್ತಿದ್ದು ಮರವು ಅದನ್ನು ಕುಡಿಯುವುದು. ಎರಡನೆಯದಾಗಿ, ಹಲಗೆಯ ಮೇಲೆ ಹಲಗೆಯನ್ನು ನೇರವಾಗಿ ಒಟ್ಟಲಿಲ್ಲ. ಪ್ರತಿಯೊಂದು ಸಾಲಿನ ನಡುವೆಯೂ ಎರಡಡಿಗೊಂದರಂತೆ ಒಂದೇ ದಪ್ಪದ ಒಣ ಪಟ್ಟಿಗಳನ್ನು, ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಬರುವಂತೆ, ಇಟ್ಟನು. ಗೋಡೆಯಿಂದ ಒಂದಡಿ ದೂರ ಬಿಟ್ಟನು. ಕಿಟಕಿಗಳನ್ನು ಎಂದಿನಂತೆ ತೆರೆಯುತ್ತ ಮುಚ್ಚುತ್ತ ಬಂದೆವು. ಬಿಸಿಲು ನೇರವಾಗಿ ಬೀಳದಂತೆ ಮಾತ್ರ ಪರದೆ ಕಟ್ಟಿದೆವು, ಏಕೆಂದರೆ ಒಂದು ಮಗ್ಗುಲು ಬೇಗನೆ ಒಣಗಿದರೆ ಹಲಗೆ ದೋಣಿಯಂತೆ ಬಾಗುವುದು.

ಮೂರನೆಯದಾಗಿ ಜಂತಿಗಳ ಪರೀಕ್ಷೆ. ಹಳೆಯ ಹಾಸನ್ನು ಕಿತ್ತು, ಜಂತಿಗಳ ತುದಿಗಳು ಗೋಡೆಯೊಳಕ್ಕೆ ಹೊಕ್ಕಿರುವಲ್ಲಿ ಉಳಿಯಿಂದ ಚುಚ್ಚಿ ನೋಡಿದನು. ಗೆದ್ದಲು ಬರುವುದು ಹೆಚ್ಚಾಗಿ ಅಲ್ಲಿಂದಲೇ. ತೇಗದ ಕೆಚ್ಚಿನಲ್ಲಿ ಗೆದ್ದಲಿಗೆ ಸೇರದ ಎಣ್ಣೆಯ ಅಂಶವಿದೆ. ಅಂಚಿನ ಬಿಳಿಯ ಭಾಗದಲ್ಲಿ ಅದು ಇಲ್ಲ. ಬಂದ ದಿನವೇ ಅವನು ಬಿಳಿಯಂಚಿನ ಹಲಗೆಯನ್ನು ಬೇರೆಯಾಗಿಟ್ಟುದರ ಕಾರಣ ನಮಗೆ ಆಗ ತಿಳಿಯಿತು. ಎರಡು ಜಂತಿಗಳನ್ನು ಬದಲಾಯಿಸಿ, ಉಳಿದವುಗಳ ಮೇಲೆ ದಾರವನ್ನೆಳೆದು ಮಟ್ಟವನ್ನು ನೋಡಿ, ತಗ್ಗಿದ್ದಲ್ಲಿ ಸಣ್ಣ ಚಕ್ಕೆಗಳನ್ನು ಕೊಟ್ಟನು. ನಾಲ್ಕನೆಯದಾಗಿ, ಗೋಡೆಯ ಸುತ್ತಲೂ ಮುಕ್ಕಾಲು ಅಂಗುಲದ ಎಡೆಯನ್ನು ಬಿಡುವುದೆಂದು ಗೆರೆ ಹಾಕಿದನು. ಆಚೀಚಿನ ಎರಡು ಎಡೆಗಳೂ ಸೇರಿ ಒಂದೂವರೆ ಅಂಗುಲವಾಗುವುದು. ನಾವು ಕಾಗದದ ಮೇಲೆ ಲೆಕ್ಕಮಾಡಿ ಕಂಡುಕೊಂಡ ಸಂಖ್ಯೆಯೂ ಅದೇ. ಲೆಕ್ಕವನ್ನು ನಾವು ಅವನಿಗೆ ಹೇಳಿರಲಿಲ್ಲ. ಆ ಎಡೆಯನ್ನು ಮರದ ಅಂಚುಪಟ್ಟಿಯು ಮುಚ್ಚುವುದು. ಪಟ್ಟಿಯನ್ನು ಗೋಡೆಗೆ ಹೊಡೆಯಬೇಕೇ ಹೊರತು ಹಾಸಿಗಲ್ಲ.

ಹಲಗೆಗಳ ಅಂಚಿನಲ್ಲಿ ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ತೋಡು ಇವೆ. ಒಂದರ ನಾಲಿಗೆಯು ಇನ್ನೊಂದರ ತೋಡಿನಲ್ಲಿ ಕೂರುವುದರಿಂದ ಹಲಗೆ ಸ್ವಲ್ಪ ಕುಗ್ಗಿದರೂ ಕೆಳಗಣ ಕೋಣೆಯು ಕಾಣದು. ಕೈಯಿಂದ ಇದನ್ನು ತೋಡುವುದು ಬಲು ಶ್ರಮದ ಕೆಲಸ. 1828ರಲ್ಲಿ ಅಮೆರಿಕದ ವಿಲಿಯಮ್ ವುಡ್‌ವರ್ತ್ ಎಂಬಾತನು ಹಲಗೆಯನ್ನು ನಯಮಾಡಿ ನಾಲಿಗೆ ತೋಡುಗಳನ್ನು ತೆಗೆಯುವ ಯಂತ್ರಕ್ಕೆ ಸನ್ನದನ್ನು ಪಡೆದ ಮೇಲೆ ಅದು ಸುಲಭವಾಯಿತು. ಯಂತ್ರವನ್ನು ನಾವು ಹೀಗಳೆಯುವುದಿಲ್ಲ. ಆದರೆ ಯಂತ್ರವು ಅಂಚನ್ನು ಸರಿಮಾಡಬಲ್ಲುದು. ಮರವು ಯಾವ ಊರಿಗೆ, ಯಾವ ಗಾಳಿಗೆ ಹೋಗಿ ಸೇರುವುದೆಂಬುದು ಅದಕ್ಕೆ ತಿಳಿಯದು. ಇಪ್ಪತ್ತು ವರ್ಷಗಳ ಹಿಂದೆ ನಮಗೆ ತಿಳಿಯದಿದ್ದುದು ಇದೇ.

ಹಲಗೆ ಹದಕ್ಕೆ ಬಂದಿತೆಂಬುದನ್ನು ತಿಳಿಯುವುದೆಂತು? ತೇವವನ್ನಳೆಯುವ ಸಣ್ಣ ಉಪಕರಣಗಳು ಇಂದು ದೊರೆಯುವುವು. ನಾವೂ ಒಂದನ್ನು ಕೊಂಡೊಯ್ದೆವು. ಬಡಿಗನ ಉಪಾಯ ಬೇರೆ. ಒಟ್ಟಿನ ನಡುವಣ ಒಂದು ಹಲಗೆಯ ಅಗಲಕ್ಕೆ ಸರಿಯಾಗಿ ಒಂದು ಬಿದಿರಿನ ಕಡ್ಡಿಯನ್ನು ಕತ್ತರಿಸಿ, ಗೋಡೆಯ ಮೊಳೆಗೆ ತೂಗುಹಾಕಿದನು. ಪ್ರತಿ ಅಮಾವಾಸ್ಯೆ ಹುಣ್ಣಿಮೆಗೆ ಅದನ್ನು ಹಲಗೆಯ ಮೇಲೆ ಅಡ್ಡಲಾಗಿಟ್ಟು ನೋಡುವನು. ಕಡ್ಡಿಯು ಅಂಚಿನಿಂದ ಹೊರಕ್ಕೆ ಚಾಚುತ್ತಿರುವಷ್ಟು ಕಾಲ ಮರವು ಇನ್ನೂ ಕುಗ್ಗುತ್ತಿದೆ. ಎರಡು ಸಲ ಒಂದೇ ಸಮನಾಗಿ ನಿಂತರೆ ಮರವು ಮನೆಯವರಾಯಿತೆಂದು ತಿಳಿಯಬೇಕು. ಉಪಕರಣದ ಅಂಕಿಯೂ ಕಡ್ಡಿಯ ಸಾಕ್ಷಿಯೂ ಇದುವರೆಗೆ ಒಂದನ್ನೊಂದು ಅಲ್ಲಗಳೆದಿಲ್ಲ.

ಹಾಸುವ ಕಾಲವನ್ನೂ ಅವನೇ ಗೊತ್ತುಮಾಡಿರುವನು. “ಮಳಿ ನೀರು ಇಳಿದಿರಬೇಕು, ಬ್ಯಾಸಗಿ ಬಂದಿರಬಾರದು, ಎಳ್ಳಮವಾಸಿ ಆದ ಮ್ಯಾಲ ನೋಡೋಣ್ರಿ” ಎಂ���ು ಅವನ ಮಾತು. ವರ್ಷದ ಅತಿ ತೇವಕ್ಕೂ ಅತಿ ಒಣಕ್ಕೂ ನಡುವಣ ಸ್ಥಿತಿಯಲ್ಲಿ ಹಾಸಿದರೆ ಮರವು ಎರಡು ಕಡೆಗೂ ಸ್ವಲ್ಪ ಸ್ವಲ್ಪ ಸರಿದಾಡಿ ನಿಲ್ಲುವುದು. ನಮ್ಮ ದೀಪಾವಳಿಯ ಆಸೆಯನ್ನು ಬಿಟ್ಟೆವು. ತಾಯಿಯವರು ದೀಪಾವಳಿಯ ದಿನ ಮೆಲ್ಲಗೆ ಮೆಟ್ಟಿಲೇರಿ ಬಂದು, ಹಲಗೆಯ ಒಟ್ಟಿನ ಪಕ್ಕದಲ್ಲಿ ಒಂದು ಹಣತೆಯನ್ನು, ಮರಕ್ಕೆ ತಾಕದಷ್ಟು ದೂರದಲ್ಲಿ, ಇಟ್ಟು ಇಳಿದರು.

ಶ್ರೋತೃಗಳೆ, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅಂದಿನಿಂದ ಹೆಂಚು, ಕಬ್ಬಿಣ, ಸಿಮೆಂಟುಗಳು ಒಂದೊಂದಾಗಿ ಬಂದು ನಮ್ಮ ಮನೆಗಳಲ್ಲಿ ಮರದ ಸ್ಥಾನವನ್ನು ತೆಗೆದುಕೊಂಡಿವೆ. ಕಾಡುಗಳ ಸ್ಥಿತಿಯನ್ನು ನೋಡಿದರೆ ಅದು ಒಳಿತೇ ಸರಿ. ಎಲ್ಲರೂ ಮರದ ಹಾಸನ್ನು ಹಾಸಬೇಕೆಂದು ನಾವು ಹೇಳುವವರಲ್ಲ. ಆದರೆ ಹಳೆಯ ವಾಡೆಯೊಂದನ್ನು ಕೆಡವುವಾಗ ಅದರ ತೊಲೆ, ಜಂತಿ, ಹಲಗೆಗಳನ್ನು ಸೌದೆಯ ಬೆಲೆಗೆ ಮಾರುವ ಮೊದಲು ದಾರವನ್ನು ಹಿಡಿದು ನೋಡಿರೆಂದು ಮಾತ್ರ ಬೇಡುವೆವು. ನೂರು ಮಳೆಗಾಲ, ನೂರು ಬೇಸಿಗೆಗಳನ್ನು ಕಂಡು ಅಲುಗದ ಮರವು ಇನ್ನು ಯಾವ ಅಂಗಡಿಯಲ್ಲಿಯೂ ದೊರೆಯದು. ಅದನ್ನು ಬಲ್ಲ ಕೈಗಳು ಊರಿನಲ್ಲಿ ಇನ್ನೂ ಇದ್ದರೆ, ಅವರನ್ನು ಕೇಳುವುದನ್ನು ಮುಂದಿನ ರಜೆಗೆ ತಳ್ಳಬೇಡಿರಿ.

ಈ ಮಾತುಗಳನ್ನು ಆಡುವ ಹೊತ್ತಿಗೆ ಹಲಗೆಗಳು ಇನ್ನೂ ಮಹಡಿಯಲ್ಲಿ ಪಟ್ಟಿಗಳ ಮೇಲೆ ಮಲಗಿವೆ. ಕಳೆದ ಹುಣ್ಣಿಮೆಗೆ ಕಡ್ಡಿಯು ಅಂಚಿನಿಂದ ಒಂದು ಗೆರೆಯಷ್ಟು ಹೊರಗಿದ್ದಿತು. ಈ ಅಮಾವಾಸ್ಯೆಗೂ ಅಷ್ಟೇ ಇದ್ದಿತೆಂದು ಊರಿನಿಂದ ಸಮಾಚಾರ ಬಂದಿದೆ. ಇನ್ನೊಂದು ಸಲ ನೋಡೋಣವೆಂದು ಬಡಿಗನು ಹೇಳಿರುವನಂತೆ. ಹಾಗೆಯೇ ಆಗಲೆಂದು ನಾವು ಬರೆದಿರುವೆವು. ಕೊಟ್ಟಿಗೆಯಲ್ಲಿ ದೊರೆತ ಮುತ್ತಜ್ಜನ ಕಾಲದ ಹಲಗೆಯನ್ನು ಬಾಗಿಲ ಬಳಿಯ ಮೊದಲನೆಯ ಸಾಲಿನಲ್ಲಿ ಸೇರಿಸಬೇಕೆಂದೂ ಅದರಲ್ಲಿ ಬರೆದಿರುವೆವು.